ನಡು ಹಿಡಿದಾಗ ಕಂಡ ನಡುದಾರಿ

ಸೊಂಟ ಎಂಬುದೊಂದು ತನಗಿದೆ ಎಂದು ಮನುಷ್ಯನಿಗೆ ನೆನಪಾಗುವುದು ಅದು ಹಿಡಿದುಕೊಂಡ ದಿನ ಮಾತ್ರ. ಅಲ್ಲಿಯವರೆಗೆ ಅದು ಸೀರೆಯ ನೆರಿಗೆ ಸಿಕ್ಕಿಸಲು, ಬೀಗದ ಕೈ ಗೊಂಚಲು ತೂಗುಹಾಕಲು, ಮಗುವನ್ನು ಕೂರಿಸಿಕೊಳ್ಳಲು ಇರುವ ಒಂದು ಜಾಗ, ಅಷ್ಟೆ. ಕನ್ನಡದಲ್ಲಿ ಅದಕ್ಕೆ ನಡು ಎಂಬ ಚೆಂದದ ಹೆಸರೂ ಇದೆ. ಮೈಯ ನಡುವೆ ಇರುವುದರಿಂದ ನಡು. ಮನೆಯ ನಡುವೆ ಇರುವ ಗೃಹಿಣಿಯ ಹಾಗೆ ಅದೂ ಕೂಡ ಎಲ್ಲವನ್ನೂ ಹೊತ್ತುಕೊಂಡು, ಯಾರ ಗಮನಕ್ಕೂ ಬಾರದೆ, ವರ್ಷಗಟ್ಟಲೆ ಸುಮ್ಮನಿರುತ್ತದೆ. ಸುಮ್ಮನಿದ್ದು ಸುಮ್ಮನಿದ್ದು ಒಂದು ದಿನ ಮಾತಾಡಿಬಿಡುತ್ತದೆ!

ಮೈಸೂರಿನ ಕುವೆಂಪುನಗರದ ಒಂದು ಮಹಡಿ ಮನೆಯಲ್ಲಿ ಅದು ಮಾತಾಡಿದ್ದು ಜೂನ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ. ಶಾಲೆ ಶುರುವಾಗಿ ಇನ್ನೂ ಎರಡು ವಾರ. ಮೂರನೇ ತರಗತಿಯ ಮಗನಿಗೆ ವ್ಯಾನು ಬರಲು ಐದು ನಿಮಿಷ ಬಾಕಿ. ಎರಡೂವರೆ ವರ್ಷದ ಮಗಳು ಸೊಂಟದ ಮೇಲೆ. ಒಲೆಯ ಮೇಲೆ ಹಾಲು. ಯಜಮಾನರು ಆಗಲೇ ಮಂಡ್ಯದ ಬಸ್ಸು ಹತ್ತಿಯಾಗಿತ್ತು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದ ಆಕೆ ಹತ್ತಕ್ಕೆ ಕೌಂಟರಿನಲ್ಲಿರಬೇಕು. ಮಗನ ಒಂದು ಕಾಲುಚೀಲ ಕಾಣಿಸಲಿಲ್ಲ. ಅದು ಮಂಚದ ಕೆಳಗೆ ಇತ್ತು. ಮಗಳನ್ನು ಇಳಿಸಿ, ಬಗ್ಗಿ, ಸ್ವಲ್ಪ ಓರೆಯಾಗಿ ಕೈ ಚಾಚಿದಳು.

ಅಷ್ಟೆ. 'ಚಳಕ್' ಎಂದಿತು.

ಆಕೆ ಎತ್ತಿದ್ದು ಹೆಚ್ಚೆಂದರೆ ಇಪ್ಪತ್ತು ಗ್ರಾಂ ತೂಕದ ಕಾಲುಚೀಲ. ಅಕ್ಕಿಮೂಟೆಯೂ ಅಲ್ಲ, ಗ್ಯಾಸ್ ಸಿಲಿಂಡರೂ ಅಲ್ಲ. ಹಾಗಿದ್ದೂ ಸೊಂಟದ ಒಳಗೆ ಯಾರೋ ಕಾಯಿಸಿದ ಸರಳು ತೂರಿಸಿದಂತಾಗಿ ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತಳು. ಏಳಲಾಗದು, ಕೂರಲಾಗದು. ಇಂಥ ನೋವಿಗೆ ಜರ್ಮನ್ನರು ಹೆಕ್ಸೆನ್‌ಶುಸ್ ಎನ್ನುತ್ತಾರೆ. ಮಾಟಗಾತಿ ಬಿಟ್ಟ ಬಾಣ ಎಂದು ಅರ್ಥ. ನಮ್ಮಲ್ಲಿ ಚಳುಕು, ಉಳುಕು, ಸೊಂಟ ಹಿಡಿಯಿತು ಎನ್ನುತ್ತೇವೆ. ಯಾವ ಊರಿನಲ್ಲಾದರೂ ಅದು ಬರುವ ರೀತಿ ಒಂದೇ: ಹೇಳದೆ ಕೇಳದೆ, ಕೈತುಂಬ ಕೆಲಸವಿರುವಾಗ.

ಮೆಲ್ಲಗೆ ಮಂಡಿಯೂರಿ, ಅಂಗೈ ಊರಿ, ನೆಲದ ಮೇಲೆ ನಾಲ್ಕು ಕಾಲಿನಲ್ಲಿ ನಿಂತಳು. ಅಮ್ಮ ಆನೆ ಆಟಕ್ಕೆ ತಯಾರಾದಳೆಂದು ಮಗಳಿಗೆ ಎಲ್ಲಿಲ್ಲದ ಖುಷಿ. ಚಪ್ಪಾಳೆ ತಟ್ಟುತ್ತ ಬಂದು ಬೆನ್ನ ಮೇಲೆ ಹತ್ತಿಯೇಬಿಟ್ಟಳು. ಆಕೆಯ ಬಾಯಿಂದ ಹೊರಟ ಕೂಗಿಗೆ ಕೆಳಮನೆಯ ಆಂಟಿ ಓಡಿಬಂದರು. ಮಗು ಬೆದರಿ ಅತ್ತಿತು. ಹಾಲು ಉಕ್ಕಿತು. ವ್ಯಾನಿನವನು ಮೂರು ಸಲ ಹಾರನ್ ಮಾಡಿ ಹೊರಟುಹೋದ. ಮಗ ಒಂದು ಕಾಲಿಗೆ ಮಾತ್ರ ಚೀಲ ಹಾಕಿಕೊಂಡು, "ಅಮ್ಮಾ, ಇವತ್ತು ಸ್ಕೂಲ್ ಇಲ್ವಾ?" ಎಂದು ಕೇಳಿದ. ಅವನ ದನಿಯಲ್ಲಿ ಗಾಬರಿಯೂ ಇತ್ತು, ಸ್ವಲ್ಪ ಸಂತೋಷವೂ ಇತ್ತು.

ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿಯಾಯಿತು. ನಮ್ಮಲ್ಲಿ ಕಾಯಿಲೆ ಒಬ್ಬರದಾದರೆ ಔಷಧ ಊರಿನವರದು. ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ ಎಂದರು ಒಬ್ಬರು. ಎಕ್ಕದ ಎಲೆಗೆ ಎಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಕಟ್ಟಿ ಎಂದರು ಇನ್ನೊಬ್ಬರು. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ತೈಲ ನಿಲ್ಲಿಸುವ ಕಟಿಬಸ್ತಿಯ ವಿಳಾಸ ತಂದುಕೊಟ್ಟರು ಮತ್ತೊಬ್ಬರು. ತಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಸೊಂಟದ ಪಟ್ಟಿಯನ್ನು ಆಂಟಿ ತಂದು ತಲೆದಿಂಬಿನ ಪಕ್ಕ ಇಟ್ಟರು. ಎದುರು ಮನೆಯ ಅಜ್ಜಿಯದಂತೂ ಎಲ್ಲಕ್ಕಿಂತ ಸುಲಭದ ಚಿಕಿತ್ಸೆ: "ಕಾಲು ಮುಂದಾಗಿ ಹುಟ್ಟಿದೋರು ಯಾರಾದ್ರೂ ಇದ್ರೆ ಕರೆಸಿ ಒಂದು ಸಲ ಒದೆಸಿಕೊಂಬಿಡು ಮಗಳೇ, ಕೂಡ್ಲೇ ಬಿಡುತ್ತೆ." ಆ ಬೀದಿಯಲ್ಲಿ ಅಂಥ ಪುಣ್ಯವಂತರು ಯಾರೂ ಸಿಗದೇ ಹೋದದ್ದು ಆಕೆಯ ಅದೃಷ್ಟ.

ಬಿಸಿ ಉಪ್ಪಿನ ಶಾಖ ಹಿತವಾಗಿತ್ತು, ನಿಜ. ಆದರೆ ಆ ಎಲ್ಲ ಸಲಹೆಗಳ ಕೊನೆಯಲ್ಲಿ ಒಂದೇ ಒಂದು ವಾಕ್ಯ ಇತ್ತು. "ಏನೇ ಆಗ್ಲಿ, ಹಂದಾಡಬೇಡ. ಒಂದು ತಿಂಗಳು ಹಾಸಿಗೆ ಬಿಟ್ಟು ಏಳಬೇಡ." ಆ ಮಾತಿಗೆ ಆಕೆಯ ಜೀವ ಝಲ್ಲೆಂದಿತು. ಒಂದು ತಿಂಗಳು! ಬ್ಯಾಂಕಿನಲ್ಲಿ ರಜೆ ಉಳಿದಿದ್ದುದು ಒಂಬತ್ತು ದಿನ. ಮಗುವಿನ ಜ್ವರ, ಮಗನ ಶಾಲೆಯ ಮೀಟಿಂಗು, ನಾದಿನಿಯ ಸೀಮಂತ ಎಂದು ಉಳಿದದ್ದೆಲ್ಲ ಖರ್ಚಾಗಿತ್ತು.

ಸಂಜೆ ಯಜಮಾನರು ಆಟೋದಲ್ಲಿ ಮೂಳೆ ವೈದ್ಯರ ಹತ್ತಿರ ಕರೆದೊಯ್ದರು. ಆಟೋದವನು ಪಾಪ, ಪ್ರತಿ ಹಂಪಿಗೂ "ನಿಧಾನ ಅಕ್ಕಾ" ಎನ್ನುತ್ತ ಕುದುರೆ ನಡೆಸುವವನ ಹಾಗೆ ನಡೆಸಿದ. ವಯಸ್ಸಾದ ವೈದ್ಯರು ಮೊದಲು ಕೇಳಿದ್ದು ನೋವಿನ ವಿಷಯವನ್ನಲ್ಲ. ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಮಲಮೂತ್ರದ ಹಿಡಿತ ತಪ್ಪಿದೆಯೇ, ತೊಡೆಯ ಸಂದಿಯಲ್ಲಿ, ಕೂರುವ ಜಾಗದಲ್ಲಿ ಜೋಮು ಹಿಡಿದಿದೆಯೇ, ಕಾಲಿನಲ್ಲಿ ಶಕ್ತಿ ಕಡಿಮೆಯಾಗಿದೆಯೇ, ಜ್ವರ ಇದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಎಲ್ಲಾದರೂ ಬಿದ್ದಿದ್ದಿರಾ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲ ಎಂದಳು. ಆಮೇಲೆ ಅಂಗಾತ ಮಲಗಿಸಿ ಒಂದೊಂದೇ ಕಾಲನ್ನು ನೆಟ್ಟಗೆ ಮೇಲೆತ್ತಿ ನೋಡಿದರು. ಮಂಡಿಗೆ, ಹಿಮ್ಮಡಿಯ ಮೇಲ್ಭಾಗಕ್ಕೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕಾಲಿನ ಹೆಬ್ಬೆರಳನ್ನು ತಮ್ಮ ಕೈಗೆ ಒತ್ತಲು ಹೇಳಿದರು.

"ನರಕ್ಕೆ ಏನೂ ಆಗಿಲ್ಲಮ್ಮ. ಈಗ ಕೇಳಿದ್ದರಲ್ಲಿ ಯಾವುದಾದರೂ ಒಂದಕ್ಕೆ ಹೌದು ಅಂದಿದ್ರೆ, ಅದರಲ್ಲೂ ಮೂತ್ರ ನಿಂತಿದೆ ಅಂತಲೋ ಜೋಮು ಅಂತಲೋ ಹೇಳಿದ್ರೆ, ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ. ಇದು ಹಾಗಲ್ಲ. ಮೂರ್ನಾಲ್ಕು ದಿನ ಊಟ ಆದ್ಮೇಲೆ ಮಾತ್ರೆ ತಗೊಳ್ಳಿ. ಶಾಖ ಕೊಟ್ಕೊಳ್ಳಿ. ನಾಲ್ಕರಿಂದ ಆರು ವಾರದಲ್ಲಿ ಸರಿಹೋಗುತ್ತೆ."

"ಸ್ಕ್ಯಾನಿಂಗ್ ಬೇಡ್ವಾ ಡಾಕ್ಟ್ರೇ?" ಯಜಮಾನರು ಕೇಳಿದರು.

"ಈಗ ಬೇಡ. ಕಂಡದ್ದನ್ನೆಲ್ಲ ಕಾಯಿಲೆ ಅಂದ್ಕೊಂಡು ಹೆದರ್ತೀರಿ."

ಆ ಮಾತಿನಲ್ಲಿ ಹುರುಳಿದೆ. ನೋವೇ ಇಲ್ಲದ 98 ಜನರ ಬೆನ್ನನ್ನು ಎಂ.ಆರ್.ಐ. ಯಂತ್ರದಲ್ಲಿಟ್ಟು ನೋಡಿದ ಅಮೆರಿಕದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ನೆಟ್ಟಗಿದ್ದವರು ಶೇಕಡಾ 36 ಮಂದಿ ಮಾತ್ರ. ಎಂದರೆ ನೆರೆಕೂದಲಿನ ಹಾಗೆ, ಮುಖದ ಸುಕ್ಕಿನ ಹಾಗೆ ಬೆನ್ನಿನ ಒಳಗೂ ವಯಸ್ಸಿನ ಗುರುತುಗಳು ಇದ್ದೇ ಇರುತ್ತವೆ. ಚಿತ್ರದಲ್ಲಿ ಕಂಡ ಉಬ್ಬೇ ನೋವಿನ ಕಾರಣವೆಂದು ಹೇಳಲಾಗದು.

ಎದ್ದು ಹೊರಡುವಾಗ ವೈದ್ಯರು ಇನ್ನೊಂದು ಮಾತು ಹೇಳಿದರು. "ಎರಡು ದಿನಕ್ಕಿಂತ ಹೆಚ್ಚು ಮಲಗಬೇಡಿ. ಮಲಗಿದಷ್ಟೂ ತಡ ಆಗುತ್ತೆ. ಎಷ್ಟು ಆಗುತ್ತೋ ಅಷ್ಟು ಓಡಾಡಿ. ಆದರೆ ಎಲ್ಲವನ್ನೂ ಒಟ್ಟಿಗೆ ಮಾಡಕ್ಕೆ ಹೋಗಬೇಡಿ." ಗಂಡ ಹೆಂಡತಿ ಇಬ್ಬರೂ ಮುಖ ಮುಖ ನೋಡಿಕೊಂಡರು. ಮಲಗಬೇಡ ಎಂದರೆ ಕೆಲಸ ಮಾಡು ಎಂದೇ? ಮಾಡಬೇಡ ಎಂದರೆ ಮಲಗು ಎಂದೇ? ಆ ಮನೆಗೆ ಎರಡೇ ಸ್ಥಿತಿ ಗೊತ್ತಿತ್ತು. ಅಮ್ಮ ಎದ್ದಿದ್ದರೆ ಎಲ್ಲ ಕೆಲಸ. ಅಮ್ಮ ಮಲಗಿದ್ದರೆ ಯಾವ ಕೆಲಸವೂ ಇಲ್ಲ.

ಮಾರನೆಯ ದಿನ ಹಾಸನದಿಂದ ಅತ್ತೆ ಬಂದಿಳಿದರು. ಬಂದವರೇ ಸೊಸೆಯ ಹಾಸಿಗೆಯನ್ನು ನೋಡಿ, "ಈ ಮೆತ್ತನೆ ಹಾಸಿಗೆಯಿಂದಲೇ ಆದದ್ದು, ನೆಲದ ಮೇಲೆ ಚಾಪೆ ಹಾಕ್ಕೊಂಡು ಮಲಕ್ಕೋ" ಎಂದರು. ಬಾಣಂತನದಲ್ಲಿ ಸೊಂಟಕ್ಕೆ ಬಟ್ಟೆ ಬಿಗಿಯಾಗಿ ಕಟ್ಟದೇ ಹೋದದ್ದನ್ನೂ, ಬೆನ್ನಿಗೆ ಸಾಕಷ್ಟು ಬಿಸಿನೀರು ಹೊಯ್ಯದೇ ಹೋದದ್ದನ್ನೂ ನೆನಪಿಸಿದರು. ಚಾಪೆಯ ಮಾತು ಹಿಂದೆ ವೈದ್ಯರೂ ಹೇಳುತ್ತಿದ್ದ ಮಾತೇ. ಆದರೆ 2003ರಲ್ಲಿ ಸ್ಪೇನ್ ದೇಶದಲ್ಲಿ ಬಹುದಿನದ ಸೊಂಟನೋವಿದ್ದ 313 ಮಂದಿಗೆ ಬೇರೆ ಬೇರೆ ಹಾಸಿಗೆ ಕೊಟ್ಟು ನೋಡಿದಾಗ, ತೀರ ಗಟ್ಟಿಯಾದದ್ದಕ್ಕಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹೆಚ್ಚು ಹಿತ ಕೊಟ್ಟಿತು. ಅಲ್ಲಿಯೂ ನಡುದಾರಿಯೇ! ಆಕೆ ಪಕ್ಕಕ್ಕೆ ಹೊರಳಿ, ಎರಡು ಮಂಡಿಗಳ ನಡುವೆ ಒಂದು ದಿಂಬಿಟ್ಟುಕೊಂಡು ತನ್ನ ಹಾಸಿಗೆಯಲ್ಲಿಯೇ ಮಲಗಿದಳು. ಏಳುವಾಗ ಮಾತ್ರ ಅತ್ತೆಯ ಮಾತು ಕೈಹಿಡಿಯಿತು. ಅಂಗಾತ ಮಲಗಿದಲ್ಲಿಂದ ಧಡಕ್ಕನೆ ಏಳದೆ ಬಲಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು ಎಂದು ಅವರು ಮಕ್ಕಳಿಗೆಲ್ಲ ಹೇಳಿಕೊಂಡು ಬಂದದ್ದು ಶಾಸ್ತ್ರಕ್ಕಾಗಿ. ವೈದ್ಯರು ಹೇಳಿದ್ದೂ ಅದನ್ನೇ, ಸೊಂಟಕ್ಕಾಗಿ.

ಆ ಎರಡು ದಿನ ಮಲಗಿದ್ದಾಗ ಆಕೆಗೆ ಮಾಡಲು ಕೆಲಸವಿರಲಿಲ್ಲ. ಕೆಲಸವಿಲ್ಲದ ಗುಮಾಸ್ತೆ ಏನು ಮಾಡಿಯಾಳು? ಲೆಕ್ಕ ಹಾಕಿದಳು. ಮಗನ ಕೈಯಲ್ಲಿ ತೂಕದ ಯಂತ್ರ ತರಿಸಿ ಅವನ ಶಾಲಾ ಚೀಲವನ್ನು ಇಡಿಸಿದಳು. ನಾಲ್ಕೂವರೆ ಕಿಲೋ! ಮೂರನೇ ತರಗತಿಯ ಮಗುವಿನ ಚೀಲ ಎರಡರಿಂದ ಮೂರು ಕಿಲೋ ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲಿಯೇ ಸುತ್ತೋಲೆ ಹೊರಡಿಸಿದೆ. ಆ ಚೀಲವನ್ನು ವ್ಯಾನಿನ ತನಕ ಹೊತ್ತು, ಮತ್ತೆ ಸಂಜೆ ಮಹಡಿ ಹತ್ತಿಸುವವಳು ಆಕೆಯೇ. ಅಲ್ಲಿಗೆ ಒಂಬತ್ತು ಕಿಲೋ. ಕುಡಿಯುವ ನೀರಿನ ಕ್ಯಾನು ಇಪ್ಪತ್ತು. ನಲ್ಲಿಯಲ್ಲಿ ನೀರು ಬಂದಾಗ ತುಂಬಿಡುವ ಬಕೆಟ್ಟು ಹದಿನೈದರಂತೆ ನಾಲ್ಕು, ಅರವತ್ತು. ಒಗೆದ ಬಟ್ಟೆಯ ಬಕೆಟ್ಟು ತಾರಸಿಗೆ ಎರಡು ಸಲ, ಹದಿನಾರು. ಸಂಜೆಯ ತರಕಾರಿ ಚೀಲ ಐದು. ಇನ್ನು ಹನ್ನೆರಡು ಕಿಲೋ ತೂಗುವ ಮಗಳು. ತೊಟ್ಟಿಲಿನಿಂದ, ನೆಲದಿಂದ, ಬಚ್ಚಲಿನಿಂದ, ಅತ್ತಾಗ, ನಕ್ಕಾಗ, ಊಟಕ್ಕೆ, ನಿದ್ದೆಗೆ ಎಂದು ದಿನಕ್ಕೆ ಇಪ್ಪತ್ತು ಸಲ ಎತ್ತಿದಳೆಂದರೂ 240 ಕಿಲೋ.

ಎಲ್ಲ ಕೂಡಿಸಿದರೆ 350 ಕಿಲೋ. ಐವತ್ತು ಕಿಲೋದ ಏಳು ಮೂಟೆ ಅಕ್ಕಿ! ಬಂಡಿಪಾಳ್ಯದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರಿಗೆ ಮೂಟೆಗಿಷ್ಟು ಎಂದು ಕೂಲಿಯಾದರೂ ಇದೆ.

ಎತ್ತುವ ಭಾರಕ್ಕಿಂತ ಎತ್ತುವ ದೂರದ ಲೆಕ್ಕ ಇನ್ನೂ ವಿಚಿತ್ರ. ನೀರೆತ್ತುವ ಏತವನ್ನು ನೆನಪಿಸಿಕೊಳ್ಳಿ. ಉದ್ದನೆಯ ತೋಳಿನ ತುದಿಯಲ್ಲಿರುವ ಬಾನಿ ಎತ್ತಬೇಕಾದರೆ ಗಿಡ್ಡನೆಯ ತುದಿಯಲ್ಲಿ ಎಷ್ಟೋ ಪಟ್ಟು ಭಾರ ಹಾಕಬೇಕಾಗುತ್ತದೆ. ನಮ್ಮ ಬೆನ್ನಿನದೂ ಅದೇ ಕಥೆ. ಸೊಂಟದ ಭಾಗದಲ್ಲಿ ಐದು ದಪ್ಪನೆಯ ಕಶೇರುಗಳಿವೆ, ಅವುಗಳ ನಡುವೆ ಮೆತ್ತೆಯ ಹಾಗೆ ಡಿಸ್ಕುಗಳಿವೆ. ಬೆನ್ನನ್ನು ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯುಗಳು ಈ ಡಿಸ್ಕಿನ ನಡುವಿನಿಂದ ಸುಮಾರು ಐದು ಸೆಂಟಿಮೀಟರ್ ಹಿಂದೆ ಇವೆ. ಮಗುವನ್ನು ಐವತ್ತು ಸೆಂಟಿಮೀಟರ್ ಮುಂದೆ ಕೈ ಚಾಚಿ ಎತ್ತಿದರೆ ಹನ್ನೆರಡು ಕಿಲೋ ಮಗುವಿಗಾಗಿ ಆ ಸ್ನಾಯುಗಳು ಹತ್ತು ಪಟ್ಟು, ಎಂದರೆ 120 ಕಿಲೋ ಭಾರದಷ್ಟು ಎಳೆಯಬೇಕು. ಅದೇ ಮಗುವನ್ನು ಎದೆಗೆ ಅವುಚಿಕೊಂಡರೆ ಅರ್ಧಕ್ಕಿಂತ ಕಡಿಮೆ ಸಾಕು. ಎದೆಗವುಚಿಕೊಳ್ಳುವುದು ಪ್ರೀತಿಗೆ ಮಾತ್ರವಲ್ಲ, ಸೊಂಟಕ್ಕೂ ಒಳ್ಳೆಯದು!

ಅತ್ತೆಯ ಮುಂದೆ ಈ ಲೆಕ್ಕ ಒಪ್ಪಿಸಿದಾಗ ಅವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಕಥೆ ಹೇಳಿದರು. ಸುಮಾರು ನಲವತ್ತು ವರ್ಷದ ಹಿಂದೆ ಮಾವನವರಿಗೆ ಸೊಂಟ ಹಿಡಿದಿತ್ತಂತೆ. ಆಗಿನ ಡಾಕ್ಟರು ಮರದ ಹಲಗೆಯ ಮೇಲೆ ಮೂರು ವಾರ ಅಲುಗಾಡದೆ ಮಲಗಲು ಹೇಳಿದರಂತೆ. ಊಟ, ಸ್ನಾನ, ಎಲ್ಲವೂ ಹಲಗೆಯ ಬಳಿಗೇ. ಮೂರು ವಾರದ ನಂತರ ಎದ್ದಾಗ ಕಾಲು ನಡುಗುತ್ತಿದ್ದವಂತೆ.

"ಅವರ ಆರೈಕೆ ಮಾಡಿ ಮಾಡಿ ಮುಂದಿನ ತಿಂಗಳೇ ನನಗೂ ಹಿಡ್ಕೊಳ್ತು ನೋಡು."

"ನೀವು ಎಷ್ಟು ದಿನ ಮಲಗಿದ್ರಿ ಅತ್ತೆ?"

"ನಾನಾ? ಒಂದು ಹಳೇ ಸೀರೆ ಬಿಗಿದು ಕಟ್ಟಿಕೊಂಡು ಹಸು ಕರೆಯೋಕೆ ಹೋದೆ. ನಿನ್ನ ಗಂಡನಿಗೆ ಆಗ ಒಂದು ವರ್ಷ. ಯಾರಿಗೆ ಅಂತ ಹೇಳೋದು?"

ಗಂಡಸಿಗೆ ಹಲಗೆ, ಹೆಂಗಸಿಗೆ ಕೊಟ್ಟಿಗೆ. ಇಬ್ಬರಿಗೂ ಒಂದೇ ನೋವು, ಇಬ್ಬರಿಗೂ ಸಿಕ್ಕಿದ್ದು ತಪ್ಪು ಚಿಕಿತ್ಸೆ. ಹಲಗೆಯ ಕಾಲ ಮುಗಿಯುತ್ತ ಬಂದದ್ದು ಆ ಮೇಲೆ. 1986ರಲ್ಲಿ ಅಮೆರಿಕದಲ್ಲಿ ಸೊಂಟನೋವಿನ ರೋಗಿಗಳಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಏಳು ದಿನ ಮಲಗಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದು ಗುಂಪಿಗೆ ಬೆನ್ನಿನ ವ್ಯಾಯಾಮ, ಉಳಿದವರಿಗೆ ನೋವು ಬಿಟ್ಟಷ್ಟು ಮಟ್ಟಿಗೆ ಎಂದಿನ ಓಡಾಟ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯವರು. 'ನೋವು ಬಿಟ್ಟಷ್ಟು ಮಟ್ಟಿಗೆ' ಎಂಬುದೇ ಅಲ್ಲಿ ಮುಖ್ಯವಾದ ಮಾತು. ಪೂರ್ತಿ ಬಿಡುವುದೂ ಅಲ್ಲ, ಪೂರ್ತಿ ಮಾಡುವುದೂ ಅಲ್ಲ.

ಮೂರನೆಯ ದಿನ ಆಕೆ ಎದ್ದಳು. ಗೋಡೆ ಹಿಡಿದು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ. ಐದು ನಿಮಿಷ ನಡೆದು ಕೂತಳು. ಅರ್ಧ ಗಂಟೆಗೆ ಒಮ್ಮೆ ಮತ್ತೆ ಎದ್ದಳು. ಅಷ್ಟರಲ್ಲಿ ಒಂದು ಸಂಗತಿ ಆಕೆಯ ಕಣ್ಣಿಗೆ ಬಿತ್ತು.

ಮೊದಲ ದಿನ ಮಗಳು ಮಂಚದ ಪಕ್ಕ ನಿಂತು ಎರಡೂ ಕೈ ಮೇಲೆತ್ತಿ, "ಅಮ್ಮಾ, ಎತ್ಕೋ" ಎಂದು ಗೋಳಾಡಿದ್ದಳು. ಅತ್ತೆ ಬಂದ ದಿನವೂ ಹಾಗೆಯೇ. "ಅಮ್ಮಂಗೆ ನೋವು ಪುಟ್ಟಾ, ಎತ್ಕೊಳ್ಳಕ್ಕಾಗಲ್ಲ" ಎಂದು ಎಲ್ಲರೂ ಸಾರಿ ಸಾರಿ ಹೇಳಿದ್ದರು. ಮೂರನೆಯ ದಿನ ಮಗು ಬಂದು ಎದುರು ನಿಂತಿತು. ಅಭ್ಯಾಸದಂತೆ ಕೈ ಎರಡೂ ಮೇಲೇರಿದವು. ಅರ್ಧಕ್ಕೆ ಬಂದು ನಿಂತವು. ತಾನೇ ಕೆಳಗಿಳಿಸಿ, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು. ಅಳಲಿಲ್ಲ. ಅಮ್ಮನ ಮುಖವನ್ನು ಒಂದು ಸಲ ನೋಡಿ ಅಜ್ಜಿಯ ಹತ್ತಿರ ಹೋಯಿತು.

ಆಕೆ ಅವತ್ತಿನ ತನಕ ನೋವಿಗೆ ಕಣ್ಣೀರು ಹಾಕಿರಲಿಲ್ಲ. ಆ ರಾತ್ರಿ ದಿಂಬು ಒದ್ದೆಯಾಯಿತು. ಇದು ಹೀಗೆಯೇ ಉಳಿದುಬಿಟ್ಟರೆ? ತನ್ನ ಸೊಂಟ ಸರಿಹೋಗುವ ಹೊತ್ತಿಗೆ ಮಗಳು ಎತ್ತಿಕೊಳ್ಳುವ ವಯಸ್ಸನ್ನು ದಾಟಿಬಿಟ್ಟಿದ್ದರೆ? ಮಕ್ಕಳು ಎತ್ತಿಕೋ ಎನ್ನುವುದು ಎಷ್ಟು ವರ್ಷ? ಕೊನೆಯ ಸಲ ಎತ್ತಿಕೊಂಡದ್ದು ಯಾವಾಗ ಎಂದು ಯಾವ ತಾಯಿಗೂ ನೆನಪಿರುವುದಿಲ್ಲ, ಏಕೆಂದರೆ ಅದು ಕೊನೆಯದೆಂದು ಆಗ ಗೊತ್ತಿರುವುದಿಲ್ಲ.

ಮಾರನೆಯ ಬೆಳಿಗ್ಗೆ ಯಜಮಾನರು ಬಸ್ಸಿಗೆ ಹೊರಡುವ ಮೊದಲು ವೈದ್ಯರಿಗೆ ಫೋನು ಮಾಡಿ ಇದನ್ನೇ ಕೇಳಿದರು. ಆಕೆಯ ಪರವಾಗಿ ಅಲ್ಲ, ತಮಗೇ ತಡೆಯಲಾರದೆ. ವೈದ್ಯರು ನಕ್ಕು ಹೇಳಿದರಂತೆ: "ತಾಯಿ ಮಗುವಿನ ಹತ್ತಿರಕ್ಕೆ ಬಗ್ಗೋದು ಬೇಡ ಅಂದೆನೇ ಹೊರತು, ಮಗು ತಾಯಿ ಹತ್ತಿರಕ್ಕೆ ಹತ್ತೋದು ಬೇಡ ಅಂದ್ನೇ?"

ಮನೆಯಲ್ಲಿ ಒಂದು ಹಳೆಯ ಮಣೆ ಇತ್ತು. ಊಟಕ್ಕೆ ನೆಲದ ಮೇಲೆ ಕೂರುವ ಕಾಲದ್ದು. ಅದನ್ನು ಮಂಚದ ಪಕ್ಕ ಇಟ್ಟರು. ಆಕೆ ಮಂಚದ ಅಂಚಿನಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತು, "ಬಾ ಪುಟ್ಟೀ, ನೀನೇ ಹತ್ತು" ಎಂದಳು. ಮಗಳು ಮೊದಲು ಅಜ್ಜಿಯ ಮುಖ ನೋಡಿದಳು. ಆಮೇಲೆ ಅಪ್ಪನ ಮುಖ. ಯಾರೂ ಬೇಡ ಎನ್ನಲಿಲ್ಲ. ಮಣೆ ಹತ್ತಿ, ಹಾಸಿಗೆಯ ಚಾದರ ಹಿಡಿದು, ಏದುಸಿರು ಬಿಡುತ್ತ ಮೇಲೇರಿ, ಮಡಿಲಲ್ಲಿ ಧೊಪ್ಪನೆ ಕೂತಳು. ಅಮ್ಮನನ್ನು ತಾನೇ ಗೆದ್ದುಕೊಂಡ ಹಾಗಿತ್ತು ಮುಖ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹೊಸ ಏರ್ಪಾಡುಗಳು ಶುರುವಾದವು. ಮಗನ ಚೀಲದಿಂದ ಅವತ್ತಿಗೆ ಬೇಡದ ಪುಸ್ತಕಗಳು ಹೊರಬಂದು ತೂಕ ಮೂರು ಕಿಲೋಗೆ ಇಳಿಯಿತು. ಅದನ್ನು ಅವನೇ ಹೊತ್ತ. ನೀರಿನ ಕ್ಯಾನು, ಬಕೆಟ್ಟು, ಬಟ್ಟೆ ಒಣಗಿಸುವುದು ಯಜಮಾನರ ಪಾಲಿಗೆ ಬಂತು. ಮೊದಲ ವಾರ ಅವರು ಒಣಗಿಸಿದ ಅಂಗಿಗಳು ಹಿಂಡಿದ ಹಾಗೆಯೇ ಮುದ್ದೆಯಾಗಿ ಒಣಗಿದವು. ಅನ್ನದ ಕುಕ್ಕರು ಎಷ್ಟು ಸಲ ಕೂಗಬೇಕೆಂಬುದು ದಿನವೂ ಚರ್ಚೆಯ ವಿಷಯವಾಯಿತು. ತರಕಾರಿ ಹೆಚ್ಚುವ ಹಲಗೆ ನೆಲದಿಂದ ಕಟ್ಟೆಯ ಮೇಲೆ ಬಂತು. ಇವೆಲ್ಲ ದೊಡ್ಡ ಕ್ರಾಂತಿಯೇನಲ್ಲ. ಆದರೆ ಮಂಚದಲ್ಲಿ ಕೂತು ಮುದ್ದೆ ಅಂಗಿಗಳನ್ನು ನೋಡಿಯೂ ಸುಮ್ಮನಿರುವುದು ಆಕೆಗೆ ಸೊಂಟನೋವಿಗಿಂತ ಕಷ್ಟವಾಯಿತು. ಕೆಲಸ ಬಿಟ್ಟುಕೊಡಲು ಬೇರೆಯವರು ಕಲಿಯಬೇಕಾದದ್ದು ಎಷ್ಟಿತ್ತೋ ಅಷ್ಟೇ ಆಕೆಯೂ ಕಲಿಯಬೇಕಿತ್ತು.

ಒಂಬತ್ತು ದಿನದ ರಜೆ ಮುಗಿದು ಬ್ಯಾಂಕಿಗೆ ಹೋದಳು. ಕುರ್ಚಿಗೆ ಒಂದು ಪುಟ್ಟ ದಿಂಬು, ಅರ್ಧ ಗಂಟೆಗೊಮ್ಮೆ ಎದ್ದು ನಿಂತು ನಾಲ್ಕು ಹೆಜ್ಜೆ. ಕೌಂಟರಿನ ಮುಂದೆ ನಿಂತ ಗ್ರಾಹಕರು ಮೊದಲು ಗೊಣಗಿದರು. ಕಾರಣ ತಿಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಸೊಂಟದ ಕಥೆ ಹೇಳಿದರು. ಅದರಲ್ಲಿ ಆಶ್ಚರ್ಯವಿಲ್ಲ. 2020ರಲ್ಲಿ ಲೋಕದಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಂಟಿ ಕೊಟ್ಟ ಸೊಂಟದ ಪಟ್ಟಿ ಮಾತ್ರ ಇಟ್ಟಲ್ಲಿಯೇ ಉಳಿಯಿತು. ಮೂರು ತಿಂಗಳು ಮೀರಿದ ನೋವಿಗೆ ಪಟ್ಟಿಯನ್ನು ನೆಚ್ಚಿಕೊಳ್ಳಬೇಡಿ, ತಿಳಿವಳಿಕೆ ಮತ್ತು ವ್ಯಾಯಾಮವನ್ನು ನೆಚ್ಚಿಕೊಳ್ಳಿ ಎಂಬುದು ಅದೇ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕೊಟ್ಟ ಸಲಹೆ. ಮೊದಲ ದಿನದಿಂದಲೇ ಓಡಾಡಿ ಎಂದಿದ್ದ ವೈದ್ಯರಿಗೂ ಪಟ್ಟಿ ಬೇಕೆನಿಸಿರಲಿಲ್ಲ.

ಮೂರನೆಯ ವಾರ ಒಂದು ತಪ್ಪಾಯಿತು. ನೋವು ಮುಕ್ಕಾಲು ಪಾಲು ಹೋಗಿತ್ತು. ಅತ್ತೆ ಹಾಸನಕ್ಕೆ ಹಿಂದಿರುಗಿದ್ದರು. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಎಲ್ಲರೂ ಮಲಗಿದ್ದಾಗ ಆಕೆ ಒಬ್ಬಳೇ ಎದ್ದು ಮನೆಯೆಲ್ಲ ಗುಡಿಸಿ, ಬಗ್ಗಿ ಒರೆಸಿ, ಎರಡು ಬಕೆಟ್ಟು ಬಟ್ಟೆ ತಾರಸಿಗೆ ಒಯ್ದಳು. ಯಾರೂ ಹೇಳಿರಲಿಲ್ಲ. ಮೂರು ವಾರದ ಧೂಳು ನೋಡಿ ಕೈ ಕಡಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸೊಂಟ ಮತ್ತೆ ಬಿಗಿಯಿತು. ಯಜಮಾನರು ಬೈಯಲಿಲ್ಲ. ಕ್ಯಾಲೆಂಡರಿನ ಹಿಂದೆ ಆಕೆ ಬರೆದಿಟ್ಟಿದ್ದ 350 ಕಿಲೋದ ಲೆಕ್ಕವನ್ನು ತಂದು ಮುಂದೆ ಇಟ್ಟು, "ಇದರಲ್ಲಿ ನಿನ್ನದು ಎಷ್ಟು, ನನ್ನದು ಎಷ್ಟು, ನೀನೇ ಬರಿ. ಸೊಂಟ ಸರಿಹೋದ ಮೇಲೂ ಹಾಗೇ ಇರ್ಲಿ" ಎಂದರು. ಆಕೆ ಬರೆದಳು. ಆಮೇಲೆ ಮತ್ತೆ ಎರಡು ದಿನ ಶಾಖ, ಐದು ನಿಮಿಷದ ನಡಿಗೆ. ಈ ಸಲ ಹೆದರಿಕೆ ಇರಲಿಲ್ಲ. ಸೊಂಟನೋವು ಹೋಗುವಾಗ ನೇರ ರಸ್ತೆಯಲ್ಲಿ ಹೋಗುವುದಿಲ್ಲ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಎಂದು ವೈದ್ಯರು ಮೊದಲೇ ಹೇಳಿದ್ದರು.

ನಡಿಗೆ ಮನೆಯಿಂದ ಬೀದಿಗೆ, ಬೀದಿಯಿಂದ ಪಾರ್ಕಿಗೆ ಬೆಳೆಯಿತು. ಬೆಳಿಗ್ಗೆ ಹತ್ತು ನಿಮಿಷ ವ್ಯಾಯಾಮ. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವ ಸೇತುಬಂಧ, ಕೈಕಾಲು ಊರಿ ಬೆಕ್ಕಿನ ಹಾಗೆ ಬೆನ್ನು ಉಬ್ಬಿಸಿ ತಗ್ಗಿಸುವ ಮಾರ್ಜಾಲಾಸನ. ಬೆಕ್ಕಿನ ಆಸನ ಮಾಡುವಾಗ ಮಗಳೂ ಪಕ್ಕದಲ್ಲಿ ಬಂದು ಮಿಯಾಂವ್ ಎನ್ನುತ್ತಿದ್ದಳು. ಬೆನ್ನಿನ ಮೇಲೆ ಹತ್ತುತ್ತಿರಲಿಲ್ಲ. ಆ ಸೋಮವಾರದ ಕೂಗು ಅವಳಿಗೆ ಮರೆತಿರಲಿಲ್ಲ. ಆಕೆಗೆ ಅದೇ ಚುಚ್ಚುತ್ತಿತ್ತು.

ಆರನೆಯ ವಾರದ ಒಂದು ಸಂಜೆ. ಬ್ಯಾಂಕಿನಿಂದ ಬಂದವಳು ಚಪ್ಪಲಿ ಬಿಡುತ್ತಿದ್ದಳು. ಮಗಳು ಒಳಗಿನಿಂದ ಆ ಹಳೆಯ ಮಣೆಯನ್ನು ಸರ್ರೆಂದು ಎಳೆದುಕೊಂಡು ಬಂದು ಬಾಗಿಲ ಬಳಿ ಇಟ್ಟಳು. ಅದರ ಮೇಲೆ ಹತ್ತಿ ನಿಂತಳು. ಎರಡೂ ಕೈ ಅರ್ಧ ಮೇಲೆತ್ತಿದಳು. ಅಲ್ಲಿಯೇ ನಿಲ್ಲಿಸಿ ಕೇಳಿದಳು:

"ಅಮ್ಮಾ, ನೋವಾ?"

"ಇಲ್ಲ ಪುಟ್ಟೀ, ಹೋಯ್ತು."

ಆಕೆ ಹತ್ತಿರಕ್ಕೆ ಹೋಗಿ, ಮಂಡಿ ಸ್ವಲ್ಪ ಮಡಿಸಿ, ಮಗಳನ್ನು ಎದೆಗೆ ಅವುಚಿಕೊಂಡು, ಉಸಿರು ಬಿಡುತ್ತ ಮೇಲೆತ್ತಿದಳು. ಸೊಂಟ ಏನೂ ಅನ್ನಲಿಲ್ಲ. ಮಗಳು ಕತ್ತಿಗೆ ಕೈ ಹಾಕಿ, ಹೆಗಲ ಮೇಲೆ ಮುಖವಿಟ್ಟಳು. ಆರು ವಾರದಲ್ಲಿ ಅರ್ಧ ಕಿಲೋ ಹೆಚ್ಚಾಗಿರಬೇಕು ಎನ್ನಿಸಿತು ಆಕೆಗೆ. ಒಳಗಿನಿಂದ ಯಜಮಾನರ ದನಿ ಬಂತು: "ಎಷ್ಟನೇ ಸಲ ಇವತ್ತು?"

"ಮೊದಲನೇದು" ಎಂದಳು. ಇಳಿಸುವ ಆತುರ ಅವಳಿಗೂ ಇರಲಿಲ್ಲ, ಮಗಳಿಗೂ ಇರಲಿಲ್ಲ.